ಲಿಂಕನ್ ಸಾಹೇಬರು ಕುಮಟೆಗೆ ಕೊಟ್ಟ ಭೀಮಪಲಾಸ

ಅಮೆರಿಕಕ್ಕೆ ದುಡ್ಡು ಜಾಸ್ತಿ, ಚರಿತ್ರೆ ಕಡಿಮೆ. ಯುರೋಪಿಗೆ ಸಂಗೀತ ಜಾಸ್ತಿ, ಕೂತು ಕೇಳುವವರು ಕಡಿಮೆ. ಎರಡೂ ಮನೆಯ ಕೊರತೆ ನೀಗಲಿ ಎಂದು ಯಾರೋ ಪುಣ್ಯಾತ್ಮರು ಇವೆರಡಕ್ಕೂ ಜಾತಕ ಕೂಡಿಸಿ ಒಂದು ಪಟ್ಟಿ ಮಾಡಿಬಿಟ್ಟಿದ್ದಾರೆ. ಹಾಳೆಯ ಎಡಗಡೆ ಅಮೆರಿಕದ ಚರಿತ್ರೆಯ ಮೈಲಿಗಲ್ಲು, ಬಲಗಡೆ ಅದೇ ಹೊತ್ತಿಗೆ ಶಾಸ್ತ್ರೀಯ ಸಂಗೀತದಲ್ಲಿ ಆದದ್ದು. 1773ರ ಡಿಸೆಂಬರಿನಲ್ಲಿ ಬಾಸ್ಟನ್ನಿನವರು ಸುಂಕ ಕೊಡಲಾರೆವೆಂದು ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಅದೇ ವರ್ಷ ಹದಿನೇಳರ ಹುಡುಗ ಮೊಜಾರ್ಟ್ ಜಿ ಮೈನರ್ ಸಿಂಫನಿ ಬರೆದ. 1776ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಘೋಷಣೆ. ಅದೇ ಜುಲೈನಲ್ಲಿ ಸಾಲ್ಜ್‌ಬರ್ಗಿನ ಸಾಹುಕಾರರ ಮನೆಯ ಮದುವೆಗೆ ಮೊಜಾರ್ಟ್‌ನ ಹಾಫ್ನರ್ ಸೆರೆನೇಡ್. ಒಂದು ಕಡೆ ಎಲ್ಲ ಮನುಷ್ಯರೂ ಸಮಾನರೆಂದು ಬರೆದು ಸಹಿ ಹಾಕುತ್ತಿದ್ದಾರೆ, ಆ ಸಹಿ ಹಾಕಿದವರಲ್ಲೇ ಅನೇಕರ ಮನೆಯಲ್ಲಿ ಗುಲಾಮರಿದ್ದಾರೆ. ಇನ್ನೊಂದು ಕಡೆ ಜಗತ್ತಿನ ಮಹಾ ಪ್ರತಿಭೆ ಮದುವೆ ಮನೆಯ ವಾಲಗಕ್ಕೆ ಕೂತಿದೆ. ಸಂಬಂಧ ಚೆನ್ನಾಗಿಯೇ ಕುದುರಿದೆ.

1787ರ ಸಾಲು ಇನ್ನೂ ಸ್ವಾರಸ್ಯ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬಿತ್ತು, ಅಕ್ಟೋಬರಿನಲ್ಲಿ ಪ್ರಾಗ್ ನಗರದಲ್ಲಿ ಮೊಜಾರ್ಟ್‌ನ ‘ಡಾನ್ ಜೊವಾನಿ’ ಒಪೆರಾ ರಂಗಕ್ಕೇರಿತು. ಆ ಒಪೆರಾಕ್ಕೆ ಸಾಹಿತ್ಯ ಬರೆದವ ಲೊರೆಂಜೊ ಡಾ ಪಾಂಟೆ. ಈತ ಸಾಲಗಾರರಿಂದ ತಪ್ಪಿಸಿಕೊಂಡು 1805ರಲ್ಲಿ ಅಮೆರಿಕಕ್ಕೆ ಹೋದ. ಹೋದವ ಅಲ್ಲಿ ಮೊದಲು ಮಾಡಿದ್ದು ಕಿರಾಣಿ ಅಂಗಡಿ. ಮೊಜಾರ್ಟ್‌ನಿಗೆ ಪದ ಕೊಟ್ಟ ಕೈ ಬೇಳೆ, ಸಕ್ಕರೆ ತೂಗಿತು. ಆಮೇಲೆ ನ್ಯೂಯಾರ್ಕಿನಲ್ಲಿ ಇಟಾಲಿಯನ್ ಭಾಷೆಯ ಮಾಸ್ತರನಾಗಿ 1838ರಲ್ಲಿ ತೀರಿಕೊಂಡ. ಈ ಸಂಗತಿ ಪಟ್ಟಿಯಲ್ಲಿ ಇಲ್ಲ. ಎಡ ಖಾನೆಯೂ ಬಲ ಖಾನೆಯೂ ನಿಜವಾಗಿ ಒಬ್ಬನೇ ಮನುಷ್ಯನ ಹೊಟ್ಟೆಪಾಡಿನಲ್ಲಿ ಕೂಡಿಕೊಂಡ ಜಾಗವನ್ನೇ ಪಟ್ಟಿ ಮಾಡಿದವರು ಬಿಟ್ಟಿದ್ದಾರೆ. ಪಟ್ಟಿಗಳ ಗುಣವೇ ಹಾಗೆ. ಅವು ಅಕ್ಕಪಕ್ಕ ಕೂರಿಸುತ್ತವೆ, ಮಾತಾಡಿಸುವುದಿಲ್ಲ.

ಈ ಪಟ್ಟಿ ನಮ್ಮ ಕುಮಟಾ ತಾಲೂಕಿನ ಸಂತೆಗುಳಿಗೂ ಬಂದು ಮುಟ್ಟಿದೆ. ಅಡಿಕೆ ತೋಟದ ಮನೆಯೊಂದರ ಮಾಣಿ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಅವನ ಮಗಳಿಗೆ ಶಾಲೆಯಲ್ಲಿ ಈ ಪಟ್ಟಿಯ ಪ್ರಾಜೆಕ್ಟು ಕೊಟ್ಟರು. ಮಕ್ಕಳ ಪ್ರಾಜೆಕ್ಟನ್ನು ಅಪ್ಪ ಮಾಡುವ ಪದ್ಧತಿ ಎರಡೂ ಖಂಡಗಳಲ್ಲಿ ಒಂದೇ. ಮಾಡಿ ಮುಗಿಸಿದ ಮೇಲೆ ಊರಿನವರ ವಾಟ್ಸಾಪ್ ಗುಂಪಿಗೆ ಹಾಕದಿದ್ದರೆ ಮಾಡಿದ ಪುಣ್ಯ ದಕ್ಕುವುದಿಲ್ಲ. ಹಾಕಿದ. ಮೂವತ್ತು ಜನ ಕೈಮುಗಿದ ಚಿತ್ರ ಒತ್ತಿದರು. ಯಾರೂ ಓದಲಿಲ್ಲ, ಅವನ ಅಜ್ಜನೊಬ್ಬನನ್ನು ಬಿಟ್ಟು.

“ತಮಾ, ಇದ್ರಲ್ಲಿ ಕುಮ್ಟೆ ಎಲ್ಲಿದ್ದು?” ಅಂದ ಅಜ್ಜ ಫೋನಿನಲ್ಲಿ.

“ಅಜ್ಜಾ, ಇದು ಅಮೆರಿಕದ ಚರಿತ್ರೆ. ಕುಮ್ಟೆ ಎಂತಕ್ಕೆ ಬತ್ತು?”

“ಅದ್ನೇ ನಾನೂ ಕೇಳಿದ್ದು” ಎಂದು ಅಜ್ಜ ಫೋನಿಟ್ಟ.

ಅಜ್ಜ ಕೇಳಿದ್ದು ಹುಂಬ ಪ್ರಶ್ನೆಯಲ್ಲ. 1861ರ ಸಾಲಿನಲ್ಲಿ ಅಮೆರಿಕದ ಅಂತರ್ಯುದ್ಧದ ಎದುರಿಗೆ ಆ ಮಾಣಿ ವ್ಯಾಗ್ನರ್‌ನ ಹೆಸರು ಬರೆದಿದ್ದ. ಆ ವರ್ಷದ ಮಾರ್ಚಿನಲ್ಲಿ ಪ್ಯಾರಿಸಿನ ಪ್ರೇಕ್ಷಕರು ಸೀಟಿ ಹೊಡೆದು ವ್ಯಾಗ್ನರನ ಒಪೆರಾ ನಿಲ್ಲಿಸಿದ್ದು ನಿಜ. ಅದಕ್ಕೂ ಯುದ್ಧಕ್ಕೂ ಮೂರು ಕಾಸಿನ ನಂಟಿಲ್ಲ. ಆ ಯುದ್ಧ ನಿಜಕ್ಕೂ ಯಾವುದಾದರೂ ಊರಿನ ಸಂಗೀತಕ್ಕೆ ಕೈ ಹಾಕಿದ್ದರೆ ಅದು ವ್ಯಾಗ್ನರನ ಊರಲ್ಲ, ಈ ಅಜ್ಜನದು.

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ದೇವರ ದೀಪದ ಬತ್ತಿಗೂ ಘಟ್ಟದ ಮೇಲಿನಿಂದಲೇ ಬರಬೇಕು. ಆದರೆ 19ನೇ ಶತಮಾನದ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎಂಬುದು ಒಂದು ಹತ್ತಿಯ ಹೆಸರು. ಧಾರವಾಡ ಸೀಮೆಯ ಕರಿನೆಲದಲ್ಲಿ ಬೆಳೆದ ನಾಡ ಹತ್ತಿ ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು; ಬೆಳೆದವರ ಹೆಸರು ಹೋಗಿ ಹಡಗು ಹತ್ತಿಸಿದವರ ಹೆಸರು ನಿಂತಿತು. ಇದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಬೆವರಿಲ್ಲದೆ ಬಂದ ಏಕೈಕ ಕೀರ್ತಿ ಇರಬೇಕು.

ಈ ಹತ್ತಿ ಮೋಟು ಎಳೆಯದು, ಲ್ಯಾಂಕಾಶೈರಿನ ಗಿರಣಿಗಳಿಗೆ ಅಷ್ಟಾಗಿ ಒಗ್ಗದು. ಅವರಿಗೆ ಬೇಕಾದ್ದು ಅಮೆರಿಕದ ಉದ್ದೆಳೆಯ ಹತ್ತಿ. ಹಾಗಾದರೆ ಅದನ್ನೇ ಇಲ್ಲಿ ಬೆಳೆಸೋಣ ಎಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ತೋಟಗಾರರನ್ನು ಸಂಬಳ ಕೊಟ್ಟು ಕರೆಸಿತು. ಹೆಚ್ಚಿನ ಕಡೆ ಅವರ ಪ್ರಯೋಗ ನೆಲಕಚ್ಚಿತು. ನ್ಯೂ ಆರ್ಲಿಯನ್ಸಿನ ಬೀಜ ಚೆನ್ನಾಗಿ ಕಚ್ಚಿಕೊಂಡದ್ದು ಧಾರವಾಡ, ಗದಗಿನ ಸುತ್ತಿನ ನೆಲದಲ್ಲಿ. ‘ಧಾರವಾಡ-ಅಮೆರಿಕನ್’ ಎಂದೇ ಅದಕ್ಕೆ ಹೆಸರಾಯಿತು. ಗದಗ-ಧಾರವಾಡದ ಮಣ್ಣಿನಲ್ಲಿ ಏನೋ ಇದೆ, ಅದಕ್ಕೇ ಭೀಮಸೇನ ಜೋಶಿಯವರೂ ಮನಸೂರರೂ ಗಂಗೂಬಾಯಿಯವರೂ ಅಲ್ಲೇ ಹುಟ್ಟಿದರು ಎಂದು ಭಾಷಣ ಮಾಡುವವರಿಗೆ ಒಂದು ಬಿನ್ನಹ: ಆ ಮಣ್ಣಿನಲ್ಲಿ ಅಮೆರಿಕದ ಹತ್ತಿಯೂ ಹುಟ್ಟಿತ್ತು. ಮುಂದಿನ ಭಾಷಣದಲ್ಲಿ ಸೇರಿಸಿಕೊಳ್ಳಬಹುದು.

1861ರ ಏಪ್ರಿಲಿನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಲಿಂಕನ್ನರ ನೌಕಾಪಡೆ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಮುತ್ತಿಗೆ ಹಾಕಿತು. ಹತ್ತಿ ಹೊರಬೀಳಲಿಲ್ಲ. ಲ್ಯಾಂಕಾಶೈರಿನ ಗಿರಣಿಗಳು ನಿಂತವು, ಮುಂಬಯಿಯ ಸಟ್ಟಾ ಪೇಟೆ ಎದ್ದು ಕುಣಿಯಿತು. ಹಾಸಿಗೆ ಬಿಚ್ಚಿ ಒಳಗಿನ ಹತ್ತಿ ಮಾರಿದರು ಎಂಬ ಕತೆಗಳು ಆ ಕಾಲದವು. ಕಲಬೆರಕೆ ಎಷ್ಟು ಜೋರಾಯಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲಿಕ್ಕೆಂದೇ ಕಾಯಿದೆ ತರಬೇಕಾಯಿತು. ಅಲ್ಲಿ ಗುಲಾಮರ ಬಿಡುಗಡೆಗೆ ಮನುಷ್ಯರು ಸಾಯುತ್ತಿದ್ದಾಗ ಇಲ್ಲಿ ಹತ್ತಿಯ ಅಂಡಿಗೆಯೊಳಗೆ ಕಲ್ಲು, ಬೀಜ ಸೇರಿಸುತ್ತಿದ್ದರು. ಮಾನವ ಇತಿಹಾಸದ ಮಹತ್ವದ ಘಟ್ಟಗಳಲ್ಲಿ ನಮ್ಮವರು ಸುಮ್ಮನೆ ಕೂತವರಲ್ಲ.

ಮ್ಯಾಂಚೆಸ್ಟರಿನ ಗಿರಣಿಯವರು ಅದಕ್ಕೂ ಮೊದಲೇ, 1860ರಲ್ಲಿ, ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂದು ಕಟ್ಟಿ ಧಾರವಾಡದ ಹತ್ತಿಗೆ ಕಾರವಾರದ ಬಗಲಿನ ಸದಾಶಿವಗಡದಲ್ಲಿ ಬಾಗಿಲು ತೆರೆಯಲು ಹೊರಟಿದ್ದರು. ಯಂತ್ರಗಳು ಹಡಗಿನಲ್ಲಿ ಬಂದವು. ನೋಡಿದರೆ ಇಳಿಸಲು ಧಕ್ಕೆಯಿಲ್ಲ, ಸಾಗಿಸಲು ರಸ್ತೆಯಿಲ್ಲ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಮದರಾಸಿನ ಕಡತಕ್ಕೆ ಸದಾಶಿವಗಡ ದೂರ. ಕಾಮಗಾರಿ ಪ್ರಗತಿಯಲ್ಲಿದೆ ಎಂಬ ಬೋರ್ಡಿನ ಅಡಿಯಲ್ಲಿ ಇವತ್ತು ಹೆದ್ದಾರಿ 66ರಲ್ಲಿ ಧೂಳು ಕುಡಿಯುವ ನಮಗೆ ಆ ಯಂತ್ರಗಳ ಸ್ಥಿತಿ ವಿವರಿಸುವ ಅಗತ್ಯವಿಲ್ಲ. ಮುಂಬಯಿಯ ವ್ಯಾಪಾರಿಗಳು ಗದ್ದಲ ಹಾಕಿದರು, ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಗದ್ದಲ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರ ತಾಲೂಕನ್ನು ಮಾತ್ರ ದಕ್ಷಿಣಕ್ಕೆ ಬಿಟ್ಟರು. ಗೆರೆ ಭಟ್ಕಳದ ಆಚೆ ಬಿತ್ತು.

ಹತ್ತಿಗಾಗಿ ಎಳೆದ ಗೆರೆ. ಯಾವ ರಾಗವನ್ನೂ ಕೇಳಿ ಎಳೆದದ್ದಲ್ಲ. ಆದರೆ ಗೆರೆಯ ದಕ್ಷಿಣಕ್ಕೆ ಮದರಾಸಿನ ಕಾಲೇಜು, ಮದರಾಸಿನ ಕೋರ್ಟು, ಅದರ ಬೆನ್ನಿಗೆ ಕರ್ನಾಟಕ ಸಂಗೀತದ ಕೃತಿ, ವರ್ಣ, ಪಿಟೀಲು, ಮೃದಂಗ ನೆಲೆಯೂರಿದವು. ಉತ್ತರಕ್ಕೆ ಮುಂಬಯಿಯ ಮೆಟ್ರಿಕ್ಕು, ಧಾರವಾಡದ ಕಾಲೇಜು, ಮರಾಠಿ ಓದುವ ಗುಮಾಸ್ತರು, ನಾಟಕ ಕಂಪನಿ, ಹಾರ್ಮೋನಿಯಂ, ತಬಲಾ. ಮರಾಠಾ ಸಂಸ್ಥಾನಗಳೂ ಕೃಷ್ಣೆಯ ಆಚೀಚಿನ ಉಸ್ತಾದರೂ ಇದಕ್ಕೆ ಮೊದಲೇ ಧಾರವಾಡದ ಕಡೆ ಹಾದಿ ಹಾಕಿದ್ದರು, ಒಪ್ಪಿದೆ. ಆದರೆ ಆ ಹಾದಿ ಘಟ್ಟ ಇಳಿದು ಕುಮಟೆ, ಹೊನ್ನಾವರದ ಅಡಿಕೆ ತೋಟಗಳಿಗೆ ಸಲೀಸಾಗಿ ಬಂದದ್ದು ಈ ಕಡತ ಬದಲಾದ ಮೇಲೆ. ಬಸವರಾಜ ರಾಜಗುರುಗಳ ಮನೆಯಲ್ಲಿ ಉತ್ತರ ಕನ್ನಡದ ಗಣಪತಿ ಭಟ್ಟ ಹಾಸಣಗಿಯವರೂ ಪರಮೇಶ್ವರ ಹೆಗಡೆಯವರೂ ಕೂತು ಕಲಿತದ್ದಕ್ಕೆ ಅಬ್ರಹಾಂ ಲಿಂಕನ್ನರಿಗೆ ಒಂದು ನಮಸ್ಕಾರ ಸಲ್ಲಬೇಕು. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದ ಅಣ್ಣ ಸತ್ಯೇಂದ್ರನಾಥನ ಮನೆಗೆ 1880ರ ದಶಕದಲ್ಲಿ ರವೀಂದ್ರನಾಥ ಟ್ಯಾಗೋರರು ಬಂದು ಕಡಲು ನೋಡುತ್ತ ನಾಟಕ ಬರೆದರಲ್ಲ, ಆ ಅಣ್ಣನೂ ಮುಂಬಯಿ ಸರಕಾರದ ಹುದ್ದೆಯವನೇ. ಅದನ್ನೂ ಲಿಂಕನ್ ಸಾಹೇಬರ ಲೆಕ್ಕಕ್ಕೇ ಬರೆಯಬೇಕಾಗುತ್ತದೆ.

ನಮ್ಮ ಕಡೆಯ ಅಹೋರಾತ್ರಿ ಸಂಗೀತಕ್ಕೆ ಒಮ್ಮೆ ಬಂದು ನೋಡಿ. ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತು ‘ಕ್ಯಾ ಬಾತ್ ಹೈ’ ಎನ್ನುವ ಹೆಗಡೆಯವರು, ಭಟ್ಟರು. ಘರಾಣೆಯ ಶುದ್ಧಿಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಕಿರಾಣಾ ಎಂಬ ಊರಿನಲ್ಲೇ ಸಿಗಲಿಕ್ಕಿಲ್ಲ. ‘ನಮ್ಮ ರಕ್ತದಲ್ಲೇ ಹಿಂದೂಸ್ತಾನಿ ಬಂದದ್ದು’ ಎನ್ನುತ್ತಾರೆ. ರಕ್ತದಲ್ಲಿ ಬಂದದ್ದಲ್ಲ ಸ್ವಾಮಿ, ಹತ್ತಿಯ ಅಂಡಿಗೆಯಲ್ಲಿ ಬಂದದ್ದು. ಮದರಾಸಿನ ಇಂಜಿನಿಯರು ಸದಾಶಿವಗಡದ ಧಕ್ಕೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದಿದ್ದರೆ ಇವತ್ತು ಇದೇ ಶಾಲಿನಲ್ಲಿ ಕೂತು ತೊಡೆ ತಟ್ಟಿ ಆದಿ ತಾಳ ಹಾಕುತ್ತಿದ್ದಿರಿ, ಹಿಂದೂಸ್ತಾನಿಯವರಿಗೆ ತಾಳಜ್ಞಾನ ಸಾಲದು ಎನ್ನುತ್ತಿದ್ದಿರಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆ ಬದಲಾಯಿತು, ತಂಬೂರಿಯ ಶ್ರುತಿ ಬದಲಾಗಲಿಲ್ಲ. ಅಷ್ಟರಲ್ಲಿ ತೊಂಬತ್ತನಾಲ್ಕು ವರ್ಷ ಕಳೆದಿತ್ತು, ಅಷ್ಟು ಸಮಯದಲ್ಲಿ ಯಾವ ಸರಕಾರಿ ಆದೇಶವೂ ಪರಂಪರೆಯಾಗುತ್ತದೆ.

ಗೆರೆಗೆ ಕ್ಯಾರೇ ಎನ್ನದ್ದು ಯಕ್ಷಗಾನವೊಂದೇ. ಬಡಗುತಿಟ್ಟಿನ ಭಾಗವತರು ಕುಂದಾಪುರದಿಂದ ಹೊನ್ನಾವರಕ್ಕೆ ಬರುವಾಗ ಪ್ರಾಂತ ಬದಲಾಯಿತೆಂದು ಪದ್ಯ ಬದಲಿಸಲಿಲ್ಲ. ಇದಕ್ಕೆ ಕಾರಣ ಸರಳ: ಯಕ್ಷಗಾನವನ್ನು ಆಗ ಯಾರೂ ಶಾಸ್ತ್ರೀಯ ಎನ್ನುತ್ತಿರಲಿಲ್ಲ. ಶಾಸ್ತ್ರೀಯವಾದದ್ದಕ್ಕೆ ಸರಕಾರ, ಗೆರೆ, ಕಮಿಟಿ ಎಲ್ಲ ಬೇಕು. ಬಯಲಲ್ಲಿ ಕುಣಿಯುವವರಿಗೆ ದೊಂದಿ ಸಾಕು.

ಇನ್ನು 1842ಕ್ಕೆ ಬರೋಣ. ಇದೇ ನನಗೆ ಹೆಚ್ಚು ಪ್ರೀತಿಯ ಸಾಲು. ನ್ಯೂಜೆರ್ಸಿಯ ಮಾಣಿ ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ: 1842ರ ಡಿಸೆಂಬರ್ 7, ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವೃಂದದ ಮೊದಲ ಕಚೇರಿ, ಆರಂಭಕ್ಕೆ ಬೀಥೋವನ್ನನ ಐದನೆಯ ಸಿಂಫನಿ. ಬಹಳ ಸಂತೋಷ. ಅದೇ 1842ರ ಸುಮಾರಿಗೆ, ಸಂತೆಗುಳಿಯಿಂದ ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವುದರೊಳಗೆ ಸಿಗುವ ಹೊನ್ನಾವರದ ಕರ್ಕಿಯಿಂದ ಒಂದು ಯಕ್ಷಗಾನ ಮೇಳ ಚೆಂಡೆ, ಮದ್ದಳೆ, ಕಿರೀಟ ಕಟ್ಟಿಕೊಂಡು ಘಟ್ಟ ಹತ್ತಿ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಆಸ್ಥಾನಕ್ಕೆ ಹೋಗಿ ಆಟ ಆಡಿತು. ದೊರೆಗೆ ಆಟ ಹಿಡಿಸಿತು. ಇಂಥದ್ದು ಮರಾಠಿಯಲ್ಲಿ ಯಾಕಿಲ್ಲ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾ ಸ್ವಯಂವರ’ ಸಾಂಗ್ಲಿಯಲ್ಲಿ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ಹುಟ್ಟಿದ್ದು ಅಂದು ಎನ್ನುತ್ತಾರೆ. ಮಹಾರಾಷ್ಟ್ರದವರು ಈಗಲೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಅಲ್ಲಿಂದ ಮುಂದೆ ಎಳೆ ಹಿಡಿದು ಬನ್ನಿ. ಆ ರಂಗಭೂಮಿಗೆ ಸಂಗೀತ ತುಂಬಿದವರು ಅಣ್ಣಾಸಾಹೇಬ ಕಿರ್ಲೋಸ್ಕರರು, 1880ರ ‘ಸಂಗೀತ ಶಾಕುಂತಲ’ದಿಂದ. ಅವರ ಹುಟ್ಟೂರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಆ ನಾಟಕ ಕಂಪನಿಗಳು ರಾಗಗಳನ್ನು ದರ್ಬಾರಿನಿಂದ ತಗಡಿನ ತಂಬುವಿಗೆ ಇಳಿಸಿದವು, ತಂಬುಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಸುತ್ತಿದವು. ಅಬ್ದುಲ್ ಕರೀಮ ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು ಆ ರಂಗದ ಮೇಲೆ ಹಾಡಿದರು. ಮಲ್ಲಿಕಾರ್ಜುನ ಮನಸೂರರ ಬಾಲ್ಯ ಕಳೆದದ್ದು ನಾಟಕ ಕಂಪನಿಯಲ್ಲಿ. ಬಸವರಾಜ ರಾಜಗುರುಗಳೂ ಹುಡುಗನಾಗಿದ್ದಾಗ ನಾಟಕ ಕಂಪನಿ ಸೇರಿದವರೇ. ಎಂದರೆ, ಕರ್ಕಿಯಿಂದ ಸಾಂಗ್ಲಿಗೆ ಹೋದ ಚೆಂಡೆಯ ಪೆಟ್ಟು ಅರ್ಧ ಶತಮಾನ ಸುತ್ತಿ, ಮೈಕೈ ತೊಳೆದುಕೊಂಡು, ಖ್ಯಾಲ್ ಎಂದು ಹೆಸರು ಹೇಳಿಕೊಂಡು ಹೊನ್ನಾವರಕ್ಕೆ ವಾಪಸು ಬಂದಿದೆ. ಹೊನ್ನಾವರದವರು ಅದನ್ನು ಎದುರುಗೊಂಡು, ಮಣೆ ಹಾಕಿ, ಯಾವೂರಿನವರು ಎಂದು ಕೇಳಿದ್ದಾರೆ.

ಈ ಮಾತಿಗೆ ಸಂಗೀತಜ್ಞರು ಮುಖ ಸಿಂಡರಿಸುತ್ತಾರೆಂದು ಗೊತ್ತು. ಖ್ಯಾಲಿಗೆ ಯಕ್ಷಗಾನ ಅಪ್ಪನಲ್ಲ ಎನ್ನುತ್ತಾರೆ. ನಾನೂ ಅಪ್ಪ ಎನ್ನಲಿಲ್ಲ. ಮದುವೆ ಮಾಡಿಸಿದ ಜೋಯಿಸರು ಎನ್ನುತ್ತೇನೆ. ಆದರೆ ದಕ್ಷಿಣೆಯನ್ನಾದರೂ ಕೊಡಬೇಕಷ್ಟೆ? ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರಾಗಲಿ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಾಗಲಿ ದೊಡ್ಡವರು ಎಂದು ಒಪ್ಪುವಾಗಲೂ ‘ಜಾನಪದ’ ಎಂಬ ಕೋಣೆಯಲ್ಲೇ ಮಣೆ ಹಾಕುವ ಅಭ್ಯಾಸ ನಮ್ಮ ಸಭೆಗಳಿಗೆ ಹೋಗಿಲ್ಲ.

ಈ ಕೋಣೆಯ ವಿಷಯದಲ್ಲಿ ಅಮೆರಿಕಕ್ಕೆ ಒಬ್ಬ ಒಳ್ಳೆಯ ಅತಿಥಿ ಸಿಕ್ಕಿದ್ದ. 1892ರಲ್ಲಿ ಬೊಹೀಮಿಯದ ಅಂತೋನಿನ್ ಡ್ವೋರ್ಜಾಕ್ ವರ್ಷಕ್ಕೆ 15,000 ಡಾಲರ್ ಸಂಬಳಕ್ಕೆ ನ್ಯೂಯಾರ್ಕಿನ ಸಂಗೀತ ಶಾಲೆಯ ಮುಖ್ಯಸ್ಥನಾಗಿ ಬಂದ. ಶ್ರೀಮಂತರು ಅವನಿಂದ ನಿರೀಕ್ಷಿಸಿದ್ದು ಯುರೋಪಿನ ಹಾಗಿನ ಅಮೆರಿಕನ್ ಸಂಗೀತ. ಅವನು ಪೇಪರಿನವರಿಗೆ ಹೇಳಿದ್ದೇ ಬೇರೆ: ಈ ದೇಶದ ಮುಂದಿನ ಸಂಗೀತವನ್ನು ಇಲ್ಲಿನ ಕರಿಯ ಜನರ ಹಾಡುಗಳ ಮೇಲೆ ಕಟ್ಟಬೇಕು. ಹೇಳಿ ಸುಮ್ಮನಾಗದೆ ‘ನ್ಯೂ ವರ್ಲ್ಡ್’ ಸಿಂಫನಿ ಬರೆದ. 1893ರ ಡಿಸೆಂಬರಿನಲ್ಲಿ ಅದೇ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ನುಡಿಸಿತು. ಆ ಹಾಡುಗಳೆಲ್ಲ ಯಾರವು? ಹತ್ತಿಯ ಹೊಲದಲ್ಲಿ ಬಾಗಿದವರವು. ಯಾರ ಬಿಡುಗಡೆಯ ಯುದ್ಧದಿಂದ ಕುಮಟೆಯ ಹತ್ತಿಗೆ ಬೆಲೆ ಬಂತೋ ಅವರವು. ಪಟ್ಟಿಯಲ್ಲಿ ಡ್ವೋರ್ಜಾಕ್ ಇದ್ದಾನೆ, ಅವರಿಲ್ಲ.

ನಮ್ಮಲ್ಲಿಗೆ ಯಾವ ಡ್ವೋರ್ಜಾಕನೂ ಸಂಬಳಕ್ಕೆ ಬರಲಿಲ್ಲ. ಬಂದಿದ್ದರೆ ಕುಮಟೆ, ಅಂಕೋಲೆಯ ಗದ್ದೆಬಯಲಿನ ಹಾಲಕ್ಕಿ ಒಕ್ಕಲಿಗರ ಕೇರಿಗೆ ಹೋಗಿ ಕೂರುತ್ತಿದ್ದನೋ ಏನೋ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಅವರ ಕೊರಳಿನ ಮಣಿಸರದ ಫೋಟೋ ಹಂಚಿಕೊಂಡೆವು. ಅವರ ಹಾಡಿನ ಧಾಟಿ ಯಾವುದು, ಅದರಲ್ಲಿ ಸ್ವರ ಹೇಗೆ ನಿಲ್ಲುತ್ತದೆ ಎಂದು ಮೊದಲ ಸಾಲಿನ ಶಾಲಿನವರು ಕೇಳಿದ್ದನ್ನು ನಾನು ಕೇಳಿಲ್ಲ. 2025ರಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಭಾಷಣಗಳಲ್ಲಿ ‘ಜಾನಪದ ಕೋಗಿಲೆ’ ಎಂಬ ಪದವೊಂದೇ ಹಾಡಿತು.

ಉಳಿದ ಸಾಲುಗಳನ್ನು ಬೇಗ ಬೇಗ ದಾಟೋಣ. ಅಮೆರಿಕದವರು ಇಂಗ್ಲೆಂಡಿನ ರಾಜನನ್ನು ಒದ್ದೋಡಿಸಿದರೂ ಅವನನ್ನು ದೇವರು ಕಾಪಾಡಲಿ ಎಂಬ ಹಾಡಿನ ಧಾಟಿಯನ್ನು ಬಿಡಲಿಲ್ಲ. 1831ರಲ್ಲಿ ಅದಕ್ಕೇ ತಮ್ಮ ದೇಶಭಕ್ತಿಯ ಮಾತು ಜೋಡಿಸಿದರು. ತಿರುವಾರೂರಿನ ಮುತ್ತುಸ್ವಾಮಿ ದೀಕ್ಷಿತರು ಅದೇ ಧಾಟಿಗೆ ‘ಸಂತತಂ ಪಾಹಿಮಾಂ’ ಎಂದು ಸಂಸ್ಕೃತ ಹಾಕಿ ಶ್ಯಾಮಲಾ ದೇವಿಗೆ ಅರ್ಪಿಸಿದರು. ಒಂದೇ ಟ್ಯೂನಿನಲ್ಲಿ ರಾಜನೂ, ರಾಜನನ್ನು ಓಡಿಸಿದವರೂ, ಇವರಿಬ್ಬರ ಗೊಡವೆಯಿಲ್ಲದ ಶ್ಯಾಮಲೆಯೂ. ಪಕ್ಕಾ ಸಮನ್ವಯ.

1924ರ ಸಾಲಿನಲ್ಲಿ ಮಾಣಿ ಬರೆದದ್ದು ಗರ್ಶ್ವಿನ್ನನ ‘ರಾಪ್ಸೊಡಿ ಇನ್ ಬ್ಲೂ’. ಅದೇ 1924ರಲ್ಲಿ ಅಮೆರಿಕ ಏಷ್ಯಾದವರಿಗೆ ಬಾಗಿಲು ಹಾಕುವ ವಲಸೆ ಕಾಯಿದೆ ಮಾಡಿತು. ಹಿಂದಿನ ವರ್ಷವೇ ಅದರ ಸುಪ್ರೀಂ ಕೋರ್ಟು ಭಗತ್ ಸಿಂಗ್ ತಿಂಡ್ ಎಂಬ ಪಂಜಾಬಿ ಸಿಪಾಯಿ ಬಿಳಿಯನಲ್ಲ, ಆದ್ದರಿಂದ ನಾಗರಿಕನಾಗಲಾರ ಎಂದು ತೀರ್ಪು ಕೊಟ್ಟಿತ್ತು. ಅದೇ 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯ ಎದುರಿಗೆ, ಹನ್ನೊಂದರ ಹುಡುಗಿ ಗಂಗೂಬಾಯಿ ಹಾನಗಲ್ ಸ್ವಾಗತಗೀತೆ ಹಾಡಿದ್ದಳು. ಮಾಣಿ ಈಗ ಇರುವ ಮನೆಯ ಬಾಗಿಲು ಅವನ ಅಜ್ಜನ ಅಪ್ಪನಿಗೆ ಮುಚ್ಚಿತ್ತು. ತೆರೆದದ್ದು 1965ರ ಕಾಯಿದೆಯಿಂದ. ಆ ಸಾಲು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಒಳಗೆ ಹೋದ ಮೇಲೆ ಬಾಗಿಲಿನ ನೆನಪು ಯಾರಿಗೂ ಬೇಡ.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆದ ಕಚೇರಿಯಲ್ಲಿ ರವಿಶಂಕರರೂ ಅಲಿ ಅಕ್ಬರ್ ಖಾನರೂ ಶ್ರುತಿ ಸರಿಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದರೆ ಮುಂದೆ ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರರು ನಗುತ್ತ ಹೇಳಿದರು. ಅಮೆರಿಕದವರನ್ನು ಕಂಡು ನಗುವ ಮೊದಲು ನಮ್ಮ ಕಡೆಯ ಕಚೇರಿಗೂ ಬನ್ನಿ. ಇಲ್ಲಿ ಉದ್ಘಾಟನೆಯ ಭಾಷಣಕ್ಕೆ ಚಪ್ಪಾಳೆ, ಸನ್ಮಾನಕ್ಕೆ ಚಪ್ಪಾಳೆ, ವಂದನಾರ್ಪಣೆಗೂ ಚಪ್ಪಾಳೆ ಬಿದ್ದು, ಗಾಯಕ ತಂಬೂರಿ ಎತ್ತುವ ಹೊತ್ತಿಗೆ ಕೊನೇ ಬಸ್ಸಿನವರು ಎದ್ದಿರುತ್ತಾರೆ. ಅಮೆರಿಕದವರು ಶ್ರುತಿಯವರೆಗಾದರೂ ಕೂತಿದ್ದರು.

1977ರಲ್ಲಿ ಅಮೆರಿಕ ವಾಯೇಜರ್ ನೌಕೆಗಳನ್ನು ಹಾರಿಸಿತು. ಅವುಗಳಲ್ಲಿರುವ ಬಂಗಾರದ ಬಣ್ಣದ ತಟ್ಟೆಯಲ್ಲಿ ಬಾಖ್, ಮೊಜಾರ್ಟ್, ಬೀಥೋವನ್ನರ ಜೊತೆಗೆ ಗೋವಾದ ಕೇರಿ ಎಂಬ ಊರಿನ ಕೇಸರಬಾಯಿ ಕೇರಕರರ ಭೈರವಿ ಇದೆ. ಮಾಜಾಳಿಯ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಗೋವಾದ ಕಂಠ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿತು. ಎರಡನೆಯ ನೌಕೆ ಹಾರಿದ ಸೆಪ್ಟೆಂಬರಿನಲ್ಲೇ ಆಕೆ ತೀರಿಕೊಂಡರು. ಅದೇ 1977ರಲ್ಲಿ ಅಮೆರಿಕದಿಂದ ಬಂದು ಹೆಜ್ಜೆ ಕಲಿತಿದ್ದ ಮಾರ್ತಾ ಆ್ಯಷ್ಟನ್ ಬಡಗುತಿಟ್ಟಿನ ಯಕ್ಷಗಾನದ ಮೇಲಿನ ತಮ್ಮ ಇಂಗ್ಲಿಷ್ ಪುಸ್ತಕವನ್ನು ದಿಲ್ಲಿಯಲ್ಲಿ ಅಚ್ಚು ಹಾಕಿಸಿದರು. ಪಟ್ಟಿಯಲ್ಲಿ ಒಂದು ಸಾಲು ನಿಜಕ್ಕೂ ಎರಡೂ ಖಾನೆಗೆ ಸೇರಬೇಕಾದದ್ದಿದ್ದರೆ ಇದು. ಮಾಣಿ ಇಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಸಂಗೀತ ಬರೆದಿದ್ದಾನೆ.

ಹತ್ತಿಯ ಕತೆಗೆ ಒಂದು ಕೊನೆ ಬಾಕಿ ಇದೆ. 1865ರ ಏಪ್ರಿಲಿನಲ್ಲಿ ಜನರಲ್ ಲೀ ಶರಣಾದ. ವಾರ ತುಂಬುವುದರೊಳಗೆ ಲಿಂಕನ್ನರು ನಾಟಕ ನೋಡಲು ಹೋಗಿ ಗುಂಡೇಟು ತಿಂದರು. ಲೋಕಕ್ಕೆಲ್ಲ ಶಾಂತಿಯ ಸುದ್ದಿ ಬಂದಾಗ ಮುಂಬಯಿಯ ಸಟ್ಟಾ ಪೇಟೆಯಲ್ಲಿ ಸೂತಕ. ಗುಲಾಮಗಿರಿ ಮುಗಿಯಿತು, ಹತ್ತಿಯ ದರ ಬಿತ್ತು. ಕಾರವಾರವನ್ನು ಎರಡನೇ ಮುಂಬಯಿ ಮಾಡುತ್ತೇವೆಂದವರು ಅತ್ತಿತ್ತ ನೋಡಿದರು. ಘಟ್ಟದ ಮೇಲಿನಿಂದ ಕಾರವಾರಕ್ಕೆ ಬರಬೇಕಿದ್ದ ರೈಲಿಗೆ ಸರ್ವೆ ಆಯಿತು, ಚರ್ಚೆ ಆಯಿತು, 1888ರ ಹೊತ್ತಿಗೆ ರೈಲು ಗೋವಾದ ಮರ್ಮಗೋವಾಕ್ಕೆ ಹೋಯಿತು. ನಮಗೆ ಉಳಿದದ್ದು ಜಿಲ್ಲಾ ಕಚೇರಿ, ಹಾರ್ಮೋನಿಯಂ ಮತ್ತು ಮುಂಬಯಿಗೆ ಬರೆಯುವ ಅರ್ಜಿಯ ಒಕ್ಕಣೆ. ಅರ್ಜಿಯನ್ನು 1956ರಿಂದ ಬೆಂಗಳೂರಿಗೆ ಬರೆಯುತ್ತಿದ್ದೇವೆ, ಒಕ್ಕಣೆ ಬದಲಾಗಿಲ್ಲ.

ಆದ್ದರಿಂದ ಪಟ್ಟಿ ಮಾಡುವ ಮಾಣಿಗಳಲ್ಲೂ ಅವರ ಹೆಣ್ಣುಮಕ್ಕಳಲ್ಲೂ ಒಂದು ಕೋರಿಕೆ. ಮೊಜಾರ್ಟ್ ಅಲ್ಲೇ ಇರಲಿ, ಅವನ ಮೇಲೆ ನಮಗೆ ದ್ವೇಷವಿಲ್ಲ. 1842ರ ಸಾಲಿನಲ್ಲಿ ನ್ಯೂಯಾರ್ಕಿನ ಪಕ್ಕ ಕರ್ಕಿ ಎಂದು ಬರೆಯಿರಿ. 1861ರ ಸಾಲಿನಲ್ಲಿ ಲಿಂಕನ್ನರ ಎದುರಿಗೆ ವ್ಯಾಗ್ನರನನ್ನು ಅಳಿಸಿ ಉತ್ತರ ಕನ್ನಡ ಎಂದು ಬರೆಯಿರಿ. ಶಾಲೆಯ ಮಾಸ್ತರ್ರು ಕೇಳಿದರೆ ಅಜ್ಜನಿಗೆ ಫೋನು ಮಾಡಿಸಿ. ಹುಬ್ಬಳ್ಳಿ–ಅಂಕೋಲಾ ರೈಲಿನ ಸಾಲನ್ನು ಮಾತ್ರ ಸದ್ಯಕ್ಕೆ ಖಾಲಿ ಬಿಡಿ. ಶಂಕುಸ್ಥಾಪನೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು, ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬಂದಿಲ್ಲ.